ತೆಕ್ಲಾ ಕೇಳಿದ ಒಂದೇ ದನಿ

ಓತ್ಮಾರ್ ದೊರೆ ಪಟ್ಟಕ್ಕೆ ಬಂದ ದಿನ ಅಮ್ಮ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕಿರೀಟ ತಲೆಯ ಮೇಲೆ ಕೂತೊಡನೆ ದೊರೆ ಆಡಿದ ಮೊದಲ ಮಾತು, "ಇದು ಬಿಗಿಯಾಗಿದೆ." ಊರಿನ ಎಲ್ಲರಿಗೂ ಅದು ಕೇಳಿಸಿತು. ಅಮ್ಮ ನಕ್ಕಳು. ಪಕ್ಕದ ಮನೆಯವರೂ ನಕ್ಕಿದ್ದು ಗೋಡೆಯಾಚೆಯಿಂದ ಕೇಳಿತು. ನನ್ನ ತಂಗಿ ತೆಕ್ಲಾ ಮಾತ್ರ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಬಿಟ್ಟುಬಿಟ್ಟಳು. ಅವಳಿಗಾಗ ಆರು ವರ್ಷ. ಹುಟ್ಟಿನಿಂದಲೂ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ.

ನಮ್ಮೂರಿನಲ್ಲಿ ದೊರೆ ಆಡಿದ ಮಾತು ಎಲ್ಲರಿಗೂ ಕೇಳಿಸುತ್ತಿತ್ತು. ಕೂಗಲಿ, ಪಿಸುಗುಡಲಿ, ನಮ್ಮ ಹೆಗಲ ಹಿಂದೆಯೇ ನಿಂತು ಹೇಳಿದಷ್ಟು ಸ್ಪಷ್ಟ. ಅದು ಕಿವಿಯಿಂದ ಬರುವ ದನಿಯಲ್ಲ; ಅರಳೆ ತುರುಕಿಕೊಂಡರೂ ನಿಲ್ಲುತ್ತಿರಲಿಲ್ಲ. ಒಮ್ಮೆ ಪಟ್ಟಕ್ಕೆ ಬಂದವನ ಮಾತು ಅವನು ಸಾಯುವವರೆಗೂ ಹಾಗೆಯೇ. ಸೇತುವೆಯ ನಡುವೆ ಒಂದು ಗಡಿಕಲ್ಲಿದೆ, ಅದರಾಚೆ ಮಾತ್ರ ಕೇಳಿಸುತ್ತಿರಲಿಲ್ಲ. ಮೊದಲ ಸಲ ಕಲ್ಲು ದಾಟಿದ ದೋಣಿಯವರು ತಲೆಯೊಳಗೆ ಯಾರೋ ಮನೆ ಖಾಲಿ ಮಾಡಿಕೊಂಡು ಹೋದ ಹಾಗಾಯಿತು ಎನ್ನುತ್ತಿದ್ದರು. ದೊರೆಯೇ ಅದನ್ನು ದಾಟಿದರೆ ಊರಿಗೂ ಕೇಳಿಸದು ಎನ್ನುತ್ತಿದ್ದರು; ಆದರೆ ದೊರೆಗಳು ಆ ಕಲ್ಲು ದಾಟಿದ್ದೇ ಇಲ್ಲ. ಓತ್ಮಾರನ ಅಪ್ಪ ಬಹಳ ಜಾಗರೂಕ ಮನುಷ್ಯ. ಕೈಸನ್ನೆ ಮಾಡುತ್ತಿದ್ದ, ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ. ಅವನ ಕೊನೆಯ ವರ್ಷಗಳಲ್ಲಿ ಒಂದು ಕೆಮ್ಮೂ ನಮಗೆ ಕೇಳಿಸಿರಲಿಲ್ಲ. ಹಾಗಾಗಿ ತೆಕ್ಲಾಗೆ ಒಂದು ದನಿಯಾದರೂ ಕೇಳಿಸುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಓತ್ಮಾರ್ ಮಾತಿನ ಮನುಷ್ಯ. ನಾಯಿಯೊಡನೆ ಮಾತು, ಹಲ್ಲುನೋವಿನ ಮಾತು, ಬೂಟಿನ ಮಾತು, ಊಟದ ಮಾತು. ಒಬ್ಬನೇ ಇದ್ದರೂ ಮಾತು. ಊರು ಅದಕ್ಕೆ ಹೊಂದಿಕೊಂಡಿತು. ಸಂತೆಯಲ್ಲಿ ಚೌಕಾಸಿ ನಡೆಯುವಾಗ ದೊರೆ ಬಾಯಿಬಿಟ್ಟರೆ ಇಬ್ಬರೂ ಸುಮ್ಮನಾಗಿ, ಮುಗಿದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದರು. ಶಾಲೆಯ ಮೇಷ್ಟ್ರು ದೊರೆಯ ಬೆಳಗಿನ ತಿಂಡಿ ಮುಗಿಯುವವರೆಗೆ ಪಾಠ ಎತ್ತುತ್ತಿರಲಿಲ್ಲ. ಗಂಡ ಹೆಂಡಿರ ಜಗಳದ ನಡುವೆ, "ಈ ಕಾಲುಚೀಲದಲ್ಲಿ ತೂತಿದೆ," ಎಂದು ದೊರೆ ಹೇಳಿದರೆ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಅವನನ್ನು ದ್ವೇಷಿಸುತ್ತಿರಲಿಲ್ಲ. ಅಳಿಯನ ಮನೆಯಲ್ಲಿ ಉಳಿದುಬಿಟ್ಟ ಮಾವನನ್ನು ಸಹಿಸಿಕೊಂಡ ಹಾಗೆ ಸಹಿಸಿಕೊಂಡಿದ್ದರು.

ತೆಕ್ಲಾಗೆ ಮಾತು ಕಲಿಸಿದವನು ನಾನು. ದೊರೆ 'ಉಪ್ಪು' ಎಂದ ಕೂಡಲೇ ಓಡಿಹೋಗಿ ಉಪ್ಪು ತೋರಿಸುತ್ತಿದ್ದೆ. 'ಮಳೆ' ಎಂದರೆ ಕಿಟಕಿಯ ಹತ್ತಿರ ಕರೆದೊಯ್ಯುತ್ತಿದ್ದೆ. ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಆಡತೊಡಗಿದಳು. ಊರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದು ಅವಳಿಗೆ ಮೊದಲೇ ಬರುತ್ತಿತ್ತು. ಆದರೆ ಬಾಯಿಂದ ಹೊರಬರುತ್ತಿದ್ದುದು ದೊರೆಯ ಮಾತುಗಳು ಮಾತ್ರ, ದೊರೆಯ ಗತ್ತಿನಲ್ಲಿ. ತನ್ನನ್ನು 'ನಾವು' ಎಂದುಕೊಳ್ಳುತ್ತಿದ್ದಳು. ಬೇಕಾದದ್ದನ್ನು 'ತನ್ನಿ' ಎನ್ನುತ್ತಿದ್ದಳು. ದೊರೆ ದಿನಕ್ಕೆ ಹತ್ತಾರು ಸಲ 'ಮಂತ್ರಿಗಳೇ' ಎಂದು ಕರೆಯುತ್ತಿದ್ದ. ಯಾವಾಗಲೂ ಪಕ್ಕದಲ್ಲಿರುವವನಿಗೆ ಹಾಗೆನ್ನಬೇಕು ಎಂದು ತಿಳಿದು ನನ್ನನ್ನು ಮಂತ್ರಿಗಳೇ ಎಂದು ಕರೆದಳು. ದೊರೆಯ ಬಾಯಲ್ಲಿ ಹಸಿವು ಎಂಬುದು ಯಾವಾಗಲೂ 'ಹಸಿವಿಲ್ಲ' ಎಂದೇ ಬರುತ್ತಿತ್ತು. ಆದ್ದರಿಂದ ಹಸಿವಾದಾಗ ತೆಕ್ಲಾ, "ನಮಗೆ ಹಸಿವಿಲ್ಲ ಇಲ್ಲ," ಎನ್ನುತ್ತಿದ್ದಳು. ಬೀದಿಯ ಹೆಂಗಸರು ಅವಳನ್ನು ಮಾತಾಡಿಸಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ನಮ್ಮದು ಹಗ್ಗ ಹೊಸೆಯುವ ಮನೆ. ನದೀ ದಂಡೆಯಲ್ಲಿ ಸೇತುವೆಗೆ ತಾಗಿದ ಹಾಗೆ ಉದ್ದನೆಯ ಅಂಗಳ. ಹಗ್ಗ ಹೊಸೆಯಲು ಇಬ್ಬರು ಬೇಕು, ಒಬ್ಬರು ಈ ತುದಿ, ಒಬ್ಬರು ಆ ತುದಿ. ಆ ತುದಿಯಲ್ಲಿ ಮಾರ್ಗಿತ್ ಇರುತ್ತಿದ್ದಳು. ಹಗ್ಗ ಹುರಿಗೊಂಡ ಹಾಗೆಲ್ಲ ಗಿಡ್ಡವಾಗಿ ಎರಡೂ ತುದಿಯವರು ಹತ್ತಿರ ಬರುತ್ತಾರೆ. ಹಾಗೆ ಹತ್ತಿರ ಬರುತ್ತ ಬರುತ್ತಲೇ ನಮ್ಮಿಬ್ಬರ ಮದುವೆ ಮಾತಾಗಿತ್ತು. ಮಂಜು ಕರಗಿದ ಮೇಲೆ ಮಾಡುವುದೆಂದು ಎರಡು ಮನೆಯವರೂ ಒಪ್ಪಿದ್ದರು.

ದೊರೆ ಪಟ್ಟಕ್ಕೆ ಬಂದ ಹನ್ನೆರಡನೆಯ ವರ್ಷದ ಆ ಚಳಿಗಾಲ ನದಿ ಬೇಗ ಹೆಪ್ಪುಗಟ್ಟಿತು. ಗೋಧಿಯ ದೋಣಿಗಳು ಬರಲಿಲ್ಲ. ಅರಮನೆಯ ಕಣಜದಲ್ಲಿ ಕಾಳಿತ್ತು, ಊರಿಗೆ ಕೊಡಲಿಲ್ಲ. ರೊಟ್ಟಿ ಅಂಗಡಿಯ ಮುಂದೆ ಬೆಳಗಿನಿಂದ ಸಾಲು ನಿಂತು ಮಧ್ಯಾಹ್ನ ಬರಿಗೈಯಲ್ಲಿ ಹೋಗುವುದು ರೂಢಿಯಾಯಿತು. ಸಾಲಿನಲ್ಲಿ ನಿಂತವರಿಗೆಲ್ಲ ದೊರೆಯ ಊಟ ಕೇಳಿಸುತ್ತಿತ್ತು. ಸಾರಿಗೆ ಮೆಣಸು ಹೆಚ್ಚಾಯಿತು ಎನ್ನುತ್ತಿದ್ದ, ಬೆಣ್ಣೆ ಇನ್ನಷ್ಟು ತನ್ನಿ ಎನ್ನುತ್ತಿದ್ದ. ಮೊದಮೊದಲು ಜನ ತಮಾಷೆ ಮಾಡಿದರು. ಆಮೇಲೆ ಅವನ ಊಟದ ಹೊತ್ತಿಗೆ ಯಾರೂ ಯಾರ ಮುಖವನ್ನೂ ನೋಡದಾದರು. ಒಂದು ಮಧ್ಯಾಹ್ನ ದೊರೆ ಹೇಳಿದ, "ಈ ಬಾತುಕೋಳಿ ಒಣಗಿದೆ. ನಾಯಿಗೆ ಹಾಕಿ." ತುಸು ಹೊತ್ತು ಬಿಟ್ಟು, "ನಾಯಿಯೂ ತಿನ್ನುತ್ತಿಲ್ಲ ನೋಡಿ," ಎಂದ.

ಸಾಲಿನಲ್ಲಿದ್ದ ಹೆಂಗಸರು ಬುಟ್ಟಿಗಳನ್ನು ನೆಲಕ್ಕಿಟ್ಟು ಅರಮನೆಯ ಕಡೆ ನಡೆಯತೊಡಗಿದರು. ಹೊರಡಿ ಎಂದು ಯಾರೂ ಹೇಳಲಿಲ್ಲ. ಹಗ್ಗದ ಅಂಗಳದಿಂದ ನಾವೂ ಹೊರಟೆವು. ಚರ್ಮ ಹದ ಮಾಡುವವರು, ಕಮ್ಮಾರರು, ಮಗ್ಗದವರು, ಬೀದಿ ಬೀದಿಯಿಂದ ಸೇರಿಕೊಂಡು ಅರಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಊರಿಗೆ ಊರೇ ಅಲ್ಲಿತ್ತು. ಕಾವಲುಗಾರರು ಬಂದೂಕು ಹಿಡಿದು ಸಾಲಾಗಿ ನಿಂತಿದ್ದರು. ದೊರೆಯ ಬಾಯಿಂದಲೇ ಅಪ್ಪಣೆ ಬರದೆ ಅವರು ಗುಂಡು ಹಾರಿಸುವ ಹಾಗಿರಲಿಲ್ಲ. ಅದು ಹಳೆಯ ಕಟ್ಟಳೆ. ಹಾಗಾಗಿ ಅವರೂ ನಾವೂ ಎದುರುಬದುರು ನಿಂತು ಒಂದೇ ದನಿಗಾಗಿ ಕಾದೆವು.

"ಎಷ್ಟು ಜನ?" ಎಂದ ದೊರೆ. ಯಾರೋ ಉತ್ತರ ಹೇಳಿರಬೇಕು. ನಮಗೆ ಕೇಳಿಸುವುದು ಅವನ ಮಾತು ಮಾತ್ರ.

"ಅಷ್ಟೊಂದೆ?" ಎಂದ. ಆಮೇಲೆ, "ಹೆಂಗಸರೂ ಇದ್ದಾರೆಯೆ?" ಎಂದ. ಆಮೇಲೆ, "ನಾಳೆ ನೋಡೋಣ ಎಂದು ಹೇಳಿ."

"ರೊಟ್ಟಿ!" ಎಂದು ಜನ ಕೂಗಿದರು. ಒಳಗೆ ಅವನಿಗದು ಕೇಳಿತೋ ಇಲ್ಲವೋ. "ಹೋಗುವುದಿಲ್ಲವೆ?" ಎಂದ. ಆ ದನಿ ಸಣ್ಣಗೆ ನಡುಗುತ್ತಿತ್ತು.

ಮಾರ್ಗಿತ್ ನನ್ನ ತೋಳು ಜಗ್ಗಿ, "ಹೆದರ್ಕೊಂಡಿದಾನೆ ಕಣೋ, ಪಾಪ," ಅಂದಳು.

"ಹಾಗಾದರೆ ಹೊಡೆಯಿರಿ," ಎಂದ ದೊರೆ.

ಕಾವಲುಗಾರರು ಹೊಡೆದರು. ಮಾರ್ಗಿತ್ ಪಕ್ಕದಲ್ಲಿ ಕೂತಳು. ಜಾರಿ ಕೂತಳು ಎಂದುಕೊಂಡು ಎಬ್ಬಿಸಲು ಕೈ ಕೊಟ್ಟೆ. ಹಿಂದಿದ್ದವರು ಓಡುತ್ತಿದ್ದರು, ಮುಂದಿದ್ದವರಿಗೆ ಓಡಲು ಜಾಗವಿರಲಿಲ್ಲ. ಕಾವಲುಗಾರರು ಮತ್ತೆ ಮದ್ದು ತುಂಬತೊಡಗಿದರು. ಆಗ ಎಲ್ಲರಿಗೂ, ಅವರಿಗೂ ನಮಗೂ, ದೊರೆಯ ದನಿ ಕೇಳಿಸಿತು: "ಕಿಟಕಿ ಮುಚ್ಚಿ. ಚಳಿ ಒಳಗೆ ಬರುತ್ತಿದೆ."

ಸಾಲಿನಲ್ಲಿ ಬಿಳಿಮೀಸೆಯ ಒಬ್ಬ ಕಾವಲುಗಾರನಿದ್ದ. ಅವನು ಮದ್ದು ತುಂಬುವುದನ್ನು ನಿಲ್ಲಿಸಿದ. ಬಂದೂಕನ್ನು ಮಂಜಿನ ಮೇಲೆ ಮಲಗಿಸಿದ, ಮಗುವನ್ನು ಮಲಗಿಸಿದ ಹಾಗೆ ನಿಧಾನವಾಗಿ. ಪಕ್ಕದವನು ಅವನನ್ನು ನೋಡಿ ತಾನೂ ಕೆಳಗಿಟ್ಟ. ಹೀಗೆ ಸಾಲಿನ ಕೊನೆಯವರೆಗೆ ಹೋಯಿತು. "ಮತ್ತೆ ಹೊಡೆಯಿರಿ," ಎಂದ ದೊರೆ. ಏನೂ ಆಗಲಿಲ್ಲ. "ಯಾಕೆ ಸದ್ದಿಲ್ಲ? ಯಾರಾದರೂ ಮಾತಾಡಿ," ಎಂದ. ಬಾಗಿಲು ತೆಗೆದವರು ಕಾವಲುಗಾರರೇ.

ನಾನು ಒಳಗೆ ಹೋಗಲಿಲ್ಲ. ಹಗ್ಗದ ಅಂಗಳದ ಇಬ್ಬರ ಜೊತೆ ಸೇರಿ ಮಾರ್ಗಿತ್‌ಳನ್ನು ಒಂದು ಹಲಗೆಯ ಮೇಲೆ ಮಲಗಿಸಿಕೊಂಡು ಅವಳ ತಾಯಿಯ ಮನೆಗೆ ಹೊರಟೆ. ಅರಮನೆ ಬಿದ್ದದ್ದನ್ನು ನಾನು ಕಣ್ಣಿಂದ ನೋಡಲಿಲ್ಲ, ದಾರಿಯುದ್ದಕ್ಕೂ ಕೇಳಿಸಿಕೊಂಡೆ. "ಬಾಗಿಲು ಹಾಕಿ," ಎಂದಿತು ದನಿ. "ರಾಣಿಯವರು ಹೊರಟರೇ? ಮಕ್ಕಳು? ಸೇತುವೆ ದಾಟಿದರೇ?" ಎಂದಿತು. ನಾವು ಮಾರ್ಗಿತ್‌ಳ ಬೀದಿಗೆ ತಿರುಗುವಾಗ, "ನಾಯಿಯನ್ನು ಬಿಡಿ, ಅದೇನು ಮಾಡಿದೆ," ಎಂದಿತು. ಹಲಗೆಯನ್ನು ಹೊಸಿಲ ಮುಂದೆ ಇಳಿಸುವಾಗ, "ನಮ್ಮನ್ನು ಮುಟ್ಟಬೇಡಿ," ಎಂದಿತು. ಮನೆಗೆ ಬಂದಾಗ ತೆಕ್ಲಾ ಬಾಗಿಲಲ್ಲೇ ನಿಂತಿದ್ದಳು. 'ಹೊಡೆಯಿರಿ' ಎಂಬ ಮಾತನ್ನು ಅವಳು ಬೇಟೆಯ ದಿನಗಳಲ್ಲಿ ಮಾತ್ರ ಕೇಳಿದ್ದವಳು. "ದೊರೆಗಳು ಬೇಟೆಗೆ ಹೋಗಿದ್ದರು," ಎಂದು ನನಗೆ ಹೇಳಹೊರಟವಳು ನನ್ನ ಅಂಗಿ ನೋಡಿದಳು. ಯಾರ ರಕ್ತ ಎಂದು ಕೇಳಲು ಅವಳಲ್ಲಿ ಮಾತಿರಲಿಲ್ಲ. ಅಂಗಳದಲ್ಲಿ ಮಾರ್ಗಿತ್ ನಿಲ್ಲುತ್ತಿದ್ದ ಆ ತುದಿಗೆ ಕೈ ತೋರಿಸಿದಳು. ನಾನು ತಲೆಯಾಡಿಸಿದೆ.

ಊರಿನ ಕಾರುಬಾರು ಒಂದು ಸಮಿತಿಯ ಕೈಗೆ ಬಂತು. ಅದರ ಮುಖ್ಯಸ್ಥ ವೆಂದೆಲ್ ಎಂಬ ಅಚ್ಚುಕೂಟದವನು. ಬಡಕಲು ಆಳು, ಬೆರಳುಗಳೆಲ್ಲ ಶಾಯಿ. ಧಾನ್ಯದ ಮಂಡಿಯಲ್ಲಿ ಮೇಜು ಹಾಕಿಕೊಂಡು ಕೂತು ಅರಮನೆಯ ಕಣಜದ ಕಾಳನ್ನು ಹಂಚಿಸಿದ, ರೊಟ್ಟಿ ಸುಡಿಸಿದ. ದೊರೆಯನ್ನು ಹಳೆಯ ಉಪ್ಪಿನ ಉಗ್ರಾಣದಲ್ಲಿ ಕೂಡಿಹಾಕಿದರು. ಅಲ್ಲಿಂದಲೂ ಅವನ ಮಾತು ನಿಲ್ಲಲಿಲ್ಲ. "ಇಲ್ಲಿ ಇಲಿಗಳಿವೆ," ಎಂದ ಮೊದಲ ದಿನ. "ನಮ್ಮನೇಲೂ ಇವೆ," ಎಂದು ರೊಟ್ಟಿಯ ಸಾಲಿನಲ್ಲಿ ಯಾರೋ ಹೇಳಿದರು. ದೊರೆಯ ಆಸ್ಥಾನದವರು ಕೆಲಸದವರ ವೇಷದಲ್ಲಿ ಊರೊಳಗೆ ಅಡಗಿದ್ದಾರೆ ಎಂಬ ಸುದ್ದಿ ಹಬ್ಬಿತ್ತು. ಒಬ್ಬಿಬ್ಬರು ಹಾಗೆ ಸಿಕ್ಕಿಬಿದ್ದದ್ದೂ ನಿಜ. ಮಾತಿನ ಧಾಟಿಯಿಂದಲೇ ಸಿಕ್ಕಿಬಿದ್ದರು.

ಅಮ್ಮನಿಗೆ ಜ್ವರ ಬಂದ ದಿನ ರೊಟ್ಟಿ ತರಲು ಮಂಡಿಗೆ ತೆಕ್ಲಾ ಹೋದಳು. ನಮ್ಮ ಬೀದಿಯವರಿಗೆ ಅವಳು ಗೊತ್ತು, ಮಂಡಿಯ ಕಡೆಯವರಿಗೆ ಗೊತ್ತಿಲ್ಲ. ಅವಳ ಸರದಿ ಬಂದಾಗ ತನಗೆ ತಿಳಿದ ಹಾಗೆ ಹೇಳಿದಳಂತೆ: "ನಮಗೆ ಎರಡು ರೊಟ್ಟಿ ತನ್ನಿ. ಬೇಗ. ನಾವು ಹೆಚ್ಚು ಹೊತ್ತು ನಿಲ್ಲಲಾರೆವು."

ಸುದ್ದಿ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ ಅವಳ ತಲೆವಸ್ತ್ರ ಕಿತ್ತು ಬಿಸಾಡಿದ್ದರು. ತುಟಿ ಒಡೆದು ರಕ್ತ ಬರುತ್ತಿತ್ತು. ಸುತ್ತ ಹೆಂಗಸರು, ಗಂಡಸರು. "ಅರಮನೆಯವಳೇ ಇವಳು! ಮಾತು ಕೇಳಿದ್ರೇನೇ ಗೊತ್ತಾಗಲ್ವಾ?" ಎಂದು ಒಬ್ಬಳು ಕಿರುಚುತ್ತಿದ್ದಳು. ತೆಕ್ಲಾ ತನ್ನಲ್ಲಿದ್ದ ಮಾತುಗಳಲ್ಲೇ ಬಿಡಿಸಿಕೊಳ್ಳಲು ನೋಡುತ್ತಿದ್ದಳು. "ದೂರ ನಿಲ್ಲಿ," ಎನ್ನುತ್ತಿದ್ದಳು. "ನಮ್ಮನ್ನು ಮುಟ್ಟಬೇಡಿ," ಎನ್ನುತ್ತಿದ್ದಳು. ಒಂದೊಂದು ಮಾತಿಗೂ ಜನ ಇನ್ನಷ್ಟು ಕೆರಳುತ್ತಿದ್ದರು. ಅವಳನ್ನು ಎಳೆದು ವೆಂದೆಲ್‌ನ ಮೇಜಿನ ಮುಂದೆ ನಿಲ್ಲಿಸಿದರು.

"ಯಾರಮ್ಮ ನೀನು? ಹೆಸರೇನು?" ಎಂದ ವೆಂದೆಲ್.

ಅವನ ತುಟಿ ನೋಡಿ ಅವಳಿಗೆ ಅರ್ಥವಾಯಿತು. ಆದರೆ ದೊರೆ ಎಂದೂ ಅವಳ ಹೆಸರು ಹೇಳಿರಲಿಲ್ಲ. ನಾವು ಕರೆಯುವಾಗ ತುಟಿ ಅಲುಗುವ ರೀತಿಯೊಂದೇ ಅವಳಿಗೆ ಗೊತ್ತಿದ್ದದ್ದು. ಅದನ್ನೇ ಮಾಡಿ ತೋರಿಸಿದಳು. ಬಾಯಿಂದ ಬಂದದ್ದು ಬರೀ ಗಾಳಿ.

ನಾನು ಜನರ ನಡುವೆ ನುಗ್ಗಿದೆ. "ನನ್ ತಂಗಿ ಅವಳು! ಹಗ್ಗದ ಅಂಗಳದವ್ರು ನಾವು. ಹುಟ್ಟು ಕಿವುಡಿ!"

"ಕಿವುಡಿ ಹೆಂಗಪ್ಪ ಮಾತಾಡ್ತಾಳೆ?" ಎಂದ ಗುಂಪಿನಲ್ಲೊಬ್ಬ.

"ದೊರೆ ಮಾತು ಒಂದು ಕೇಳ್ಸುತ್ತೆ ಅವಳಿಗೆ. ಬೇರೆ ಏನೂ ಕೇಳ್ಸಲ್ಲ. ಅದನ್ನ ಕೇಳೇ ಕಲ್ತಿದ್ದು."

"ಒಳ್ಳೇ ಕಥೆ ಕಟ್ತೀಯ," ಎಂದಳು ಕಿರುಚುತ್ತಿದ್ದವಳು.

ವೆಂದೆಲ್ ನನ್ನನ್ನು ನೋಡಿದ, ಅವಳನ್ನು ನೋಡಿದ. ಎದ್ದು ಅವಳ ಬೆನ್ನ ಹಿಂದಕ್ಕೆ ಹೋದ. ಸೊಂಟದಿಂದ ಪಿಸ್ತೂಲು ತೆಗೆದು ಸೂರಿನ ಕಡೆ ಹಿಡಿದು ಹಾರಿಸಿದ. ಮಂಡಿಯೊಳಗಿದ್ದವರೆಲ್ಲ ಬೆಚ್ಚಿ ಕುಗ್ಗಿದರು, ನಾನೂ ಕುಗ್ಗಿದೆ. ಸೂರಿನಿಂದ ಧೂಳು ಉದುರಿತು. ತೆಕ್ಲಾ ಬಗ್ಗಿ ನೆಲದ ಮೇಲಿದ್ದ ತನ್ನ ತಲೆವಸ್ತ್ರವನ್ನು ಎತ್ತಿ ಕೊಡವುತ್ತಿದ್ದಳು. ಎಲ್ಲರೂ ಯಾಕೆ ಬಗ್ಗಿದ್ದಾರೆಂದು ತಲೆಯೆತ್ತಿ ನೋಡಿದಳು.

ಕಿರುಚುತ್ತಿದ್ದ ಹೆಂಗಸೇ ಬಂದು ತನ್ನ ಸೆರಗಿನಿಂದ ಅವಳ ತುಟಿ ಒರೆಸಿದಳು. ವೆಂದೆಲ್ ಪಿಸ್ತೂಲು ಮೇಜಿನ ಮೇಲಿಟ್ಟು, "ಹಂಗಾದ್ರೆ ಅವನ ದನಿ ನಿಂತೋದ್ರೆ ಇವಳಿಗೆ?" ಎಂದು ನನ್ನನ್ನು ಕೇಳಿದ.

"ಏನೂ ಇರಲ್ಲ," ಅಂದೆ.

ಅವನು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ದೊರೆಯನ್ನು ಏನು ಮಾಡುವುದೆಂದು ಊರು ತೀರ್ಮಾನಿಸಬೇಕಿತ್ತು. ನೇಣಿಗೆ ಹಾಕಬೇಕು ಎನ್ನುವವರಿದ್ದರು. ಸೇತುವೆ ದಾಟಿಸಿ, ಮುಂಚೆಯೇ ಓಡಿಹೋದ ಹೆಂಡತಿ ಮಕ್ಕಳ ಬಳಿಗೆ ಅಟ್ಟಿಬಿಡಬೇಕು ಎನ್ನುವವರಿದ್ದರು. ಇಲ್ಲೇ ಉಗ್ರಾಣದಲ್ಲಿ ಇಟ್ಟುಕೊಳ್ಳುವುದು ವೆಂದೆಲ್‌ನ ಅಭಿಪ್ರಾಯ. "ಹೊರಗೆ ಬಿಟ್ರೆ ಯಾವನ್ದೋ ಸೈನ್ಯ ಕರ್ಕೊಂಡು ಬರ್ತಾನೆ. ಕೊಂದ್ರೆ ನಾವೂ ಅವನೂ ಒಂದೇ ಆಗ್ತೀವಿ. ಇಲ್ಲೇ ಇದ್ರೆ ಏನು ಮಾತಾಡ್ತಾನೆ ಅಂತ ಎಲ್ರಿಗೂ ಕೇಳ್ತಾನೇ ಇರುತ್ತೆ," ಎನ್ನುತ್ತಿದ್ದ. ಮಾತು ಸರಿಯಾಗಿಯೇ ಇತ್ತು. ಆದರೆ ನನಗೆ ಬೇಕಾಗಿದ್ದುದು ನೇಣು. ಮನೆಯಲ್ಲಿ ತೆಕ್ಲಾಗೆ ಇದನ್ನೆಲ್ಲ ಸನ್ನೆಯಲ್ಲಿ, ತುಟಿಯಲ್ಲಿ ತಿಳಿಸಿದೆ. ಮೂರು ದಾರಿಗಳಲ್ಲಿ ಎರಡರಲ್ಲಿ ದನಿ ಹೋಗುತ್ತದೆ ಎಂದೆ. ಅವಳು ಅತ್ತಾಳು ಎಂದುಕೊಂಡಿದ್ದೆ. ಒಲೆಗೆ ಇನ್ನೊಂದು ಸೌದೆ ಇಟ್ಟು, "ನಾವು ದೊರೆಗಳನ್ನು ಕಾಣಬೇಕು," ಎಂದಳು.

ಅವಳ ತುಟಿಯ ಗಾಯ ನೋಡಿ ವೆಂದೆಲ್ ಇಲ್ಲ ಎನ್ನಲಾರದೆ ಹೋದ.

ಉಗ್ರಾಣದ ಬಾಗಿಲು ತೆಗೆದಾಗ ದೊರೆ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಹನ್ನೆರಡು ವರ್ಷ ಕೇಳಿದ ದನಿಗೆ ದೊಡ್ಡ ಆಳನ್ನು ಕಲ್ಪಿಸಿಕೊಂಡಿದ್ದೆ. ಇವನು ನನ್ನ ಹೆಗಲಿಗೆ ಬರುವಷ್ಟಿದ್ದ. ಮೂಗು ಕೆಂಪಾಗಿತ್ತು, ಗಡ್ಡ ಬೆಳೆದಿತ್ತು.

"ನಮಸ್ಕಾರ. ನಾವು ಬಂದಿದ್ದೇವೆ," ಎಂದಳು ತೆಕ್ಲಾ.

ದೊರೆ ಗಾಬರಿಯಿಂದ ಎದ್ದು ನಿಂತು ಕಂಬಳಿ ಸರಿಮಾಡಿಕೊಂಡ. "ತಾವು ಯಾವ ಮನೆತನದವರು?" ಎಂದ.

ನಾನು ನಡೆದದ್ದನ್ನು ಹೇಳಿದೆ. ಅವನು ಕೇಳುತ್ತ ಕೇಳುತ್ತ ಮತ್ತೆ ಕೂತ. "ನಮ್ಮ ಮಾತು ಮಾತ್ರವೆ?" ಎಂದ. "ನಾಯಿಗೆ ಹೇಳಿದ್ದೂ?"

"ಎಲ್ಲಾನೂ," ಅಂದೆ.

ಅವನು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ತೆಕ್ಲಾ ಅದನ್ನು ಲೆಕ್ಕಿಸದೆ ಮುಂದೆ ಕೂತು ಮಡಿಲು ಬಿಚ್ಚಿದಳು. ಮನೆಯಿಂದ ತಂದ ಸಾಮಾನುಗಳನ್ನು ಒಂದೊಂದಾಗಿ ನೆಲದ ಮೇಲಿಟ್ಟಳು. ಒಂದು ತುಂಡು ಹಗ್ಗ, ಹಿಡಿ ಸೆಣಬು, ಆಲೂಗೆಡ್ಡೆಯ ಸಿಪ್ಪೆ, ಒಡೆದ ಬಾಚಣಿಗೆ, ಅಮ್ಮನ ಹೊಲಿಗೆಯ ಬೆರಳುಟೋಪಿ. ಅವಳ ಜೀವಮಾನದಲ್ಲಿ ದಿನವೂ ಮುಟ್ಟಿದ ಸಾಮಾನುಗಳು. ದೊರೆ ಎಂದೂ ಹೆಸರಿಸದವು. "ಹೇಳಿ," ಎಂದಳು.

ಅವನಿಗೆ ಕೆಲವುಗಳ ಹೆಸರು ಗೊತ್ತಿರಲಿಲ್ಲ. ನಾನು ಹೇಳಿದೆ, ಅವನು ಹಿಂದೆಯೇ ಹೇಳಿದ. "ಸೆಣಬು," ಎಂದ. "ಸಿಪ್ಪೆ," ಎಂದ. ತೆಕ್ಲಾ ಕಣ್ಣು ಮುಚ್ಚಿ ಕೇಳಿ, ತಾನೂ ಹೇಳಿ, ಮುಂದಿನದಕ್ಕೆ ಕೈ ಹಾಕುತ್ತಿದ್ದಳು. ಸಾಮಾನು ಮುಗಿದ ಮೇಲೆ ಹೊಟ್ಟೆ ಮುಟ್ಟಿ ತೋರಿಸಿದಳು. "ಹಸಿವು," ಎಂದ ದೊರೆ, ಇಲ್ಲ ಎಂಬುದು ಹಿಂದೆ ಇಲ್ಲದೆ. ನನ್ನನ್ನು ತೋರಿಸಿದಳು. ಅವನು ಪ್ರಶ್ನೆಯಂತೆ ನನ್ನ ಕಡೆ ನೋಡಿದ, ನಾನು ಹೇಳಿಕೊಟ್ಟೆ. "ಅಣ್ಣ," ಎಂದ. "ಅಣ್ಣ," ಎಂದಳು ತೆಕ್ಲಾ. ಅಲ್ಲಿಯವರೆಗೆ ನಾನು ಮಂತ್ರಿಯಾಗಿದ್ದೆ. ಆಮೇಲೆ ಅವಳು ತನ್ನ ಎದೆ ಮುಟ್ಟಿಕೊಂಡಳು. "ತೆಕ್ಲಾ," ಎಂದ. ಇನ್ನೊಮ್ಮೆ ಎಂದು ಬೆರಳೆತ್ತಿದಳು. ಅವನು ಇನ್ನೊಮ್ಮೆ ಹೇಳಿದ. ಅವಳು ಸಾಕೆನ್ನುವವರೆಗೆ ಹೇಳಿದ. ಹೊರಗೆ ಊರಿನಲ್ಲಿ ಜನ ಕೈಕೆಲಸ ನಿಲ್ಲಿಸಿ, ದೊರೆ ಇದ್ದಕ್ಕಿದ್ದಂತೆ ಹಗ್ಗ ಅಣ್ಣ ತೆಕ್ಲಾ ಎನ್ನುವುದನ್ನು ಕೇಳುತ್ತಿದ್ದರಂತೆ.

'ನಾನು' ಎಂಬುದನ್ನೂ ಹೇಳಿಕೊಡಿ ಎಂದವನು ನಾನೇ. ಇನ್ನು ಮುಂದೆ ರೊಟ್ಟಿಯ ಸಾಲಿನಲ್ಲಿ ಅವಳು ಹೊಡೆಸಿಕೊಳ್ಳಬಾರದಲ್ಲ. ದೊರೆ ಬಾಗಿಲ ಕಡೆ ನೋಡಿ, ನಾಚಿಕೊಂಡವನ ಹಾಗೆ, "ನಾನು," ಎಂದ. ತೆಕ್ಲಾ ಹೇಳಿ ನೋಡಿದಳು. ಹುಬ್ಬು ಗಂಟಿಕ್ಕಿ, "ಇದು ಬಿಗಿಯಾಗಿದೆ," ಎಂದಳು. ದೊರೆ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ.

"ಇನ್ನೊಂದು ಹೆಸರಿದೆ," ಅಂದೆ. "ಮಾರ್ಗಿತ್ ಅನ್ನಿ."

"ಮಾರ್ಗಿತ್," ಎಂದ. "ಯಾರು?"

ಹೇಳಿದೆ. ಎಲ್ಲಿ ನಿಂತಿದ್ದಳು, ಏನೆಂದಳು, ಆಮೇಲೆ ಏನಾಯಿತು, ಎಲ್ಲ. ಅವಳು ಪಾಪ ಎಂದದ್ದನ್ನೂ ಹೇಳಿದೆ. "ಇನ್ನು ಯಾರು ಯಾರು?" ಎಂದ ದೊರೆ. ಆ ದಿನ ಸತ್ತವರ ಹೆಸರುಗಳನ್ನು ಹೇಳಿದೆ. ಒಂದೊಂದನ್ನೂ ಅವನು ಹಿಂದೆಯೇ ಉಚ್ಚರಿಸಿದ, ಸೆಣಬು, ಸಿಪ್ಪೆ ಎಂದ ಅದೇ ದನಿಯಲ್ಲಿ. ಬಾವಿಕಟ್ಟೆಯಲ್ಲಿದ್ದ ಹೆಂಗಸರು ಕೊಡ ಇಳಿಸಿ ನಿಂತರು ಎಂದು ಆಮೇಲೆ ತಿಳಿಯಿತು. ತಪ್ಪಾಯಿತು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ನನಗೆ ಏನಾಗುತ್ತಿತ್ತೋ ಗೊತ್ತಿಲ್ಲ.

ನಾವು ಏಳುವಾಗ ಅವನು ಕೇಳಿದ, "ಗಡಿಕಲ್ಲಿನಾಚೆ ಕೇಳಿಸುವುದಿಲ್ಲ ಎನ್ನುತ್ತಾರೆ. ನಿಜವೆ?"

"ನಿಜ. ದೋಣಿಯವ್ರಿಗೆ ಹಗ್ಗ ಕೊಡಕ್ಕೆ ಹೋಗ್ತಿರ್ತೀನಿ."

"ಹೇಗಿರುತ್ತದೆ?"

"ಖಾಲಿ ಅನ್ಸುತ್ತೆ. ಆಮೇಲೆ ಒಗ್ಗಿಹೋಗುತ್ತೆ."

"ಪಟ್ಟವಾದ ಮೇಲೆ ಯಾರಿಗೂ ಕೇಳಿಸದ ಹಾಗೆ ನಮ್ಮ ಹೆಂಡತಿಗೆ ಒಂದು ಮಾತನ್ನೂ ಹೇಳಿಲ್ಲ," ಎಂದ. ನನಗೆ ಹೇಳಿದನೋ, ತನಗೇ ಹೇಳಿಕೊಂಡನೋ. ಹೇಗೂ ಎಲ್ಲರಿಗೂ ಕೇಳಿಸಿತು.

ಮರುದಿನ ಮಧ್ಯಾಹ್ನ ಊರ ಚೌಕದಲ್ಲಿ ಜನ ಸೇರಿದರು. ನೇಣು ಬೇಕೆನ್ನುವವರು ಬಾವಿಯ ಕಡೆ, ಇಲ್ಲೇ ಇರಲಿ ಎನ್ನುವವರು ಗಡಿಯಾರದ ಕಡೆ, ದಾಟಿಸಿಬಿಡಿ ಎನ್ನುವವರು ನದಿಯ ಕಡೆ ನಿಲ್ಲಬೇಕು. ನಾನು ಬಾವಿಯ ಬಳಿ ನಿಂತೆ. ಮಾರ್ಗಿತ್‌ಳ ತಾಯಿ ಬಂದು ನನ್ನ ತೋಳು ಹಿಡಿದು ಪಕ್ಕದಲ್ಲಿ ನಿಂತಳು. ಅಮ್ಮ ಜ್ವರದಿಂದ ಇನ್ನೂ ನಡುಗುತ್ತಿದ್ದರೂ ಶಾಲು ಹೊದ್ದು ಬಂದು ಗಡಿಯಾರದ ಕೆಳಗೆ ನಿಂತು, ಇಲ್ಲಿ ಬಾ ಎಂದು ತೆಕ್ಲಾಗೆ ಕೈಮಾಡಿದಳು. ಮಗಳ ಒಂದು ದನಿಯಾದರೂ ಉಳಿಯಲಿ ಎಂಬುದೇ ಅವಳ ರಾಜಕೀಯ. ತೆಕ್ಲಾ ಚೌಕದ ನಡುವೆ ನಿಂತು ಎಲ್ಲರನ್ನೂ ನೋಡಿದಳು. ಅವಳು ಯಾರೆಂದು, ಏನನ್ನು ಕಳೆದುಕೊಳ್ಳಲಿದ್ದಾಳೆಂದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಅವಳು ನದಿಯ ಕಡೆ ಹೊರಟಳು.

ನಾನು ಅಡ್ಡ ಹೋಗಿ ಅವಳ ಮುಖ ನನ್ನ ಕಡೆ ತಿರುಗಿಸಿದೆ. "ಯೋಚ್ನೆ ಮಾಡೇ. ಆಮೇಲೆ ಏನೂ ಕೇಳ್ಸಲ್ಲ ನಿಂಗೆ."

"ನಮಗೆ ಗೊತ್ತಿದೆ, ಅಣ್ಣ," ಎಂದಳು. "ಅವರು ಹೋಗಬೇಕೆಂದಿದ್ದಾರೆ. ಹೋಗಲಿ."

ಅವಳನ್ನು ನೋಡಿ ಕೆಲವರು ಜಾಗ ಬದಲಿಸಿದರು. ಬಾವಿಯ ಕಡೆಯಿಂದಲೂ ಹೋದರು, ಗಡಿಯಾರದ ಕಡೆಯಿಂದಲೂ ಹೋದರು. ಕೊನೆಗೆ ಅಮ್ಮನೂ ಶಾಲು ಎಳೆದುಕೊಂಡು ಮಗಳ ಪಕ್ಕಕ್ಕೆ ಹೋಗಿ ನಿಂತಳು. ನಾನು ಮರಳಿ ಬಾವಿಯ ಬಳಿಗೆ ಬಂದು ನಿಂತೆ. ಮಾರ್ಗಿತ್‌ಳ ತಾಯಿ ನನ್ನ ತೋಳು ಮತ್ತೆ ಹಿಡಿದುಕೊಂಡಳು. ಅವಳು ಹಿಡಿಯದಿದ್ದರೂ ನಾನು ಕದಲುತ್ತಿರಲಿಲ್ಲ. ನದಿಯ ಕಡೆಯವರೇ ಹೆಚ್ಚಾದರು. ಮೇಜಿನ ಮೇಲೆ ಹತ್ತಿ ನಿಂತಿದ್ದ ವೆಂದೆಲ್ ಎರಡು ಸಲ ನೋಡಿ, "ಸರಿ, ಊರು ಹೇಳಿದ ಹಂಗೆ," ಎಂದು ಮೇಜಿನಿಂದ ಇಳಿದ.

ಬಿಸಿಲು ಚೆನ್ನಾಗಿದ್ದ ಒಂದು ಬೆಳಗ್ಗೆ ಅವನನ್ನು ಕರೆದೊಯ್ದರು. ಗಾಡಿಯಲ್ಲಿ ಹಿಮ್ಮುಖವಾಗಿ ಕೂರಿಸಿದ್ದರು, ಹೋಗುವಾಗ ಊರು ನೋಡುತ್ತ ಹೋಗಲಿ ಎಂದು. ನಾವು ಮೂವರೂ ಹಗ್ಗದ ಅಂಗಳದ ತುದಿಯಲ್ಲಿ, ಸೇತುವೆಗೆ ತಾಗಿದ ದಂಡೆಯ ಮೇಲೆ ನಿಂತಿದ್ದೆವು. ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದರೂ ಅವನು ನಮ್ಮ ಬೀದಿಗಳನ್ನು ನೋಡಿದ್ದವನಲ್ಲ. ಗಾಡಿ ನಮ್ಮನ್ನು ಹಾದುಹೋಗುವಾಗ ತೆಕ್ಲಾಳ ಗುರುತು ಹಿಡಿದ. ಕೂಡಲೇ ಕಂಡದ್ದನ್ನೆಲ್ಲ ಹೆಸರಿಸತೊಡಗಿದ. "ಚಕ್ರ," ಎಂದ. "ಕಂಬ. ಕಾಗೆ. ಚಾವಣಿ. ಹೊಗೆ. ಒಣಹಾಕಿದ ಬಟ್ಟೆ." ಗಾಡಿಯ ಜೊತೆ ನಡೆಯುತ್ತಿದ್ದವರು ತಲೆ ಕೆಟ್ಟಿದೆ ಎಂದುಕೊಂಡು ನಕ್ಕರು. ಅವನು ನಿಲ್ಲಿಸಲಿಲ್ಲ. ಉಸಿರು ಎಳೆದುಕೊಳ್ಳಲೂ ಪುರುಸೊತ್ತಿಲ್ಲದವನ ಹಾಗೆ, "ಮಂಜುಗಡ್ಡೆ. ಬಿರುಕು. ದೋಣಿ. ಹುಟ್ಟು. ಮುದುಕಿ. ಮಗು. ಕಲ್ಲು," ಎನ್ನುತ್ತ ಹೋದ. ತೆಕ್ಲಾಳ ತುಟಿಗಳು ಅವನ ಹಿಂದೆಯೇ ಅಲುಗುತ್ತಿದ್ದವು. ಒಂದನ್ನೂ ಬಿಡದೆ ಹೆಕ್ಕಿಕೊಳ್ಳುತ್ತಿದ್ದಳು.

"ನೀರಿನ ಮೇ" ಎಂದ. ಗಾಡಿ ಗಡಿಕಲ್ಲು ದಾಟಿತು, ದನಿ ಅಲ್ಲಿಗೆ ನಿಂತಿತು.

ದಂಡೆಯ ಮೇಲೆ ನಿಂತಿದ್ದವರೆಲ್ಲ ಒಮ್ಮೆಲೇ ತಲೆ ಕೊಡವಿದರು. ಅಮ್ಮ ಕಿವಿಯನ್ನು ಉಜ್ಜಿಕೊಂಡಳು. ಆಚೆ ದಡದಿಂದ ಒಬ್ಬಳು ಹೆಂಗಸು ಸೇತುವೆಯ ಮೇಲೆ ಓಡಿ ಬಂದು ಗಾಡಿ ಹತ್ತಿ, ನಮಗೆ ಬೆನ್ನು ಮಾಡಿ ಅವನೆದುರು ಕೂತಳು. ಅವನ ಮುಖ ಮಾತ್ರ ಅವಳ ಹೆಗಲ ಮೇಲಿಂದ ನಮಗೆ ಕಾಣುತ್ತಿತ್ತು. ಅವನು ಅವಳಿಗೆ ಏನನ್ನೋ ಹೇಳುತ್ತಿದ್ದ. ನಿಧಾನವಾಗಿ, ಬಹಳ ಹೊತ್ತು ಹೇಳಿದ. ಇಡೀ ಊರು ನೋಡುತ್ತಿತ್ತು, ಒಬ್ಬರಿಗೂ ಕೇಳಿಸಲಿಲ್ಲ. ನಾನು ತೆಕ್ಲಾಳ ಕಡೆ ತಿರುಗಿದೆ. ಅವಳ ಕಣ್ಣು ಅವನ ತುಟಿಗಳ ಮೇಲಿತ್ತು.

ಅವಳು ತಟ್ಟನೆ ಮುಖ ತಿರುಗಿಸಿ ಸೇತುವೆಗೆ ಬೆನ್ನು ಹಾಕಿ ನಿಂತಳು.

"ಏನಂದ ಅವನು?" ಎಂದು ಅವಳ ಭುಜ ಹಿಡಿದು ಕೇಳಿದೆ. "ನೋಡ್ದೆ ಅಲ್ವಾ ನೀನು? ಏನಂದ?"

"ಅದು ನಮಗೆ ಹೇಳಿದ್ದಲ್ಲ, ಅಣ್ಣ," ಎಂದಳು ತೆಕ್ಲಾ. ಅಮ್ಮನ ಕೈ ಹಿಡಿದುಕೊಂಡು ಅಂಗಳದ ಕಡೆ ನಡೆದಳು.